ನಾಲ್ಕು ಮೂವತ್ತಾರಾದದ್ದು

ಮಾರ್ಚ್ 3, ಸೋಮವಾರ

ಪಂಪು ಬಂತು. ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ಸೀಲು ಒತ್ತಿ, ಮೇಲೆ ಮೂರು ಜನರ ಸಹಿ ಮಾಡಿಸಿ ಕಳಿಸಿದ್ದಾರೆ. ನಮ್ಮ ಕಂಪನಿಯದೇ ಪಂಪು, ರಕ್ತನಾಳಕ್ಕೆ ಹನಿಹನಿಯಾಗಿ ಔಷಧ ಬಿಡುವಂಥದ್ದು. ಗಂಟೆಗೆ ನಾಲ್ಕು ಮಿಲಿಲೀಟರ್ ಹೋಗಬೇಕಿದ್ದ ಔಷಧ ಮೂವತ್ತಾರರ ಲೆಕ್ಕದಲ್ಲಿ ಹೋಗಿದೆ. ರೋಗಿ ಒಬ್ಬ ಬಸ್ ಡ್ರೈವರ್. ಒಂಬತ್ತು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು, ಹೇಗೋ ಎದ್ದು ಮನೆಗೆ ಹೋದನಂತೆ. ಪಂಪು ಹಾಕಿದ ನರ್ಸ್ ತಾನು ನಾಲ್ಕೇ ಒತ್ತಿದ್ದು ಎನ್ನುತ್ತಾಳೆ. ಪಂಪಿನ ದಾಖಲೆಯಲ್ಲಿ ಮೂವತ್ತಾರು ಎಂದಿದೆ. ಅವಳನ್ನು ಕೆಲಸದಿಂದ ದೂರ ಇಟ್ಟು ವಿಚಾರಣೆ ನಡೆಸುತ್ತಿದ್ದಾರೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪರೀಕ್ಷಾ ವಿಭಾಗಕ್ಕೆ ಬರುವ ಇಂಥ ಎಷ್ಟು ದೂರಿನ ಪತ್ರ ನೋಡಿಲ್ಲ ನಾನು.

ಮ್ಯಾನೇಜರ್ ನನ್ನ ಮೇಜಿನ ಅಂಚಿಗೆ ಕೂತು, "ನಿಮ್ಮ ಹನ್ನೊಂದೂ ಪರೀಕ್ಷೆ ಓಡಿಸಿ, ದೋಷ ಇಲ್ಲ ಅಂತ ಒಂದು ಸಾಲು ಬರ್ಕೊಡಿ. ಅವರು ಮೂರು ವಾರ ಕೊಟ್ಟಿದಾರೆ, ನಿಮಗೆ ಮೂರು ದಿನ ಸಾಕು" ಅಂದರು. ಸಾಕು ಅಂದೆ.

ಮಾರ್ಚ್ 5, ಬುಧವಾರ

ಸಾಲದು.

ನನ್ನ ಪರೀಕ್ಷೆಗಳೆಲ್ಲ ಓಡುವುದು ಕಾರ್ಖಾನೆಯ ಬೆಂಚಿನ ಮೇಲೆ, ಬರಿಯ ಬೋರ್ಡಿನ ಮೇಲೆ. ಬೋರ್ಡಿನ ಪಿನ್ನುಗಳಿಗೆ ತಂತಿ ಸಿಕ್ಕಿಸಿ ಪ್ರೋಗ್ರಾಮನ್ನು ನೇರವಾಗಿ ಚಿಪ್ಪಿನೊಳಗೆ ತುರುಕುವುದು. ಆದರೆ ಮಾರಾಟಕ್ಕೆ ಹೋಗುವ ಪಂಪಿನಲ್ಲಿ ನೀರು ಹೋಗದಿರಲೆಂದು ಬೋರ್ಡಿನ ಮೇಲೆ ಗಟ್ಟಿ ಅಂಟು ಸುರಿದಿರುತ್ತಾರೆ. ಪಿನ್ನು ಅದರಡಿ ಹೂತುಹೋಗಿದೆ. ಕೆತ್ತಿದರೆ ಬೋರ್ಡು ಒಡೆಯುತ್ತದೆ, ಸಾಕ್ಷಿಯೂ ಹೋಗುತ್ತದೆ. ಉಳಿದದ್ದು ಪಕ್ಕದಲ್ಲಿರುವ ಒಂದೇ ತೂತು, ಹೊಸ ಸಾಫ್ಟ್‌ವೇರ್ ಹಾಕುವುದಕ್ಕೆ ಇಟ್ಟದ್ದು. ಅಲ್ಲಿಂದ ಹೋಗಬೇಕಾದರೆ ಬೂಟ್‌ಲೋಡರ್ ಒಪ್ಪಬೇಕು.

ಅತ್ತೆ ಸಂಜೆ ಕೇಳಿದರು, "ಅದ್ಯಾವನೇ ಅವನು ಬೂಟ್‌ಲೋಡರು? ಎರಡು ದಿನದಿಂದ ಅವನ್ನ ಬೈತಾನೇ ಇದೀಯ."

"ಮನುಷ್ಯ ಅಲ್ಲ ಅತ್ತೆ. ಯಂತ್ರಕ್ಕೆ ಕರೆಂಟು ಬಂದ ಕೂಡಲೇ ಮೊದಲು ಏಳೋ ಪುಟ್ಟ ಪ್ರೋಗ್ರಾಂ. ಮಿಕ್ಕಿದ್ದನ್ನೆಲ್ಲ ಅದೇ ಒಳಗೆ ಕರ್ಕೊಂಡು ಹೋಗಿ ಕೂರಿಸಬೇಕು. ಗುರುತು ಪರಿಚಯ ಇಲ್ಲದವರನ್ನ ಬಿಡಲ್ಲ."

"ಹಂಗಾದ್ರೆ ಪರಿಚಯ ಮಾಡ್ಕೋ."

ಅತ್ತೆಗೆ ಎಲ್ಲವೂ ಸುಲಭ. ನಲವತ್ತು ವರ್ಷ ಬಟ್ಟೆ ಅಂಗಡಿಯ ಗಲ್ಲಾದ ಹಿಂದೆ ಕೂತವರು. ಮಗ ಹಡಗಿನ ಮೇಲೆ ಸಮುದ್ರದಲ್ಲಿರುವ ಆರಾರು ತಿಂಗಳು ಈ ಮನೆಯಲ್ಲಿ ನಾವಿಬ್ಬರೇ. ಅಷ್ಟು ದಿನವೂ ಅವರಿಗೆ ನಾನೇ ಗಿರಾಕಿ.

ಮಾರ್ಚ್ 6, ಗುರುವಾರ

ಪರೀಕ್ಷೆಯ ಪ್ರೋಗ್ರಾಮನ್ನು ಹದಿನೇಳು ಸಲ ಕಳಿಸಿದೆ, ಹದಿನೇಳು ಸಲವೂ ಬೂಟ್‌ಲೋಡರಿನಿಂದ ಕೆಂಪು ದೀಪ. ಯಾಕೆ ಬೇಡ ಅಂತ ಒಂದು ಮಾತಿಲ್ಲ. ಮುಖದ ಮೇಲೆ ಬಾಗಿಲು ಹಾಕುವುದಷ್ಟೇ ಗೊತ್ತು, ಅದನ್ನು ಬರೆದವನ ಹಾಗೆ.

ಬರೆದವನು ಮೆಟ್ಟಿಲ ಪಕ್ಕದ ಮೇಜಿನಲ್ಲಿ ಕೂರುತ್ತಾನೆ. ಆಫೀಸಿನಲ್ಲಿ ಎಲ್ಲರೂ ಬಾಗಿಲಯ್ಯ ಅನ್ನುತ್ತಾರೆ. ಇನ್ನು ಮೂರು ತಿಂಗಳಿಗೆ ನಿವೃತ್ತಿ. ಆರು ವರ್ಷದ ಹಿಂದೆ ಮೀಟಿಂಗಿನಲ್ಲಿ ಎಲ್ಲರೆದುರು ಎದ್ದು ನಿಂತು, ನನ್ನ ಪರೀಕ್ಷೆಗಳೂ ಬೂಟ್‌ಲೋಡರ್ ಮೂಲಕ ಹೋಗುವಂತಿರಬೇಕು ಎಂದು ವಾದ ಮಾಡಿದ್ದ. ನನ್ನ ಪರೀಕ್ಷೆಗಳಿಗೆ ಬಾಗಿಲು ಬೇಕಿಲ್ಲ, ಗೋಡೆಯೇ ಇಲ್ಲದ ಕಡೆ ಓಡುತ್ತವೆ ಅಂದಿದ್ದೆ. ಎಲ್ಲರೂ ನಕ್ಕಿದ್ದರು. ಅವತ್ತಿನಿಂದ ಮಾತು ಅಷ್ಟಕ್ಕಷ್ಟೇ.

ಕೇಳುವುದಕ್ಕೆ ಹೋಗಲಿಲ್ಲ. ಈಮೇಲ್ ಹಾಕಿದೆ. ಹತ್ತೇ ನಿಮಿಷದಲ್ಲಿ ಉತ್ತರ ಕಳಿಸಿದ, ನಾಲ್ಕೇ ಸಾಲು: ಪ್ರೋಗ್ರಾಮಿನ ಹಣೆಯ ಮೇಲೆ ಒಂದು ಗುರುತು, ಅದರ ಉದ್ದ, ಅದು ಹೋಗಿ ಕೂರಬೇಕಾದ ವಿಳಾಸ, ಕೊನೆಗೆ ಎಲ್ಲ ಅಂಕಿಗಳನ್ನೂ ಕೂಡಿದ ತಾಳೆಯ ಮೊತ್ತ. ನನ್ನ ಹತ್ತಿರ ಇದ್ದದ್ದು ಹಳೆಯ ಕೈಪಿಡಿ, ಗುರುತೇ ಬೇರೆ.

ಮೊದಲೇ ಕೇಳಿದ್ದರೆ ಎರಡು ದಿನ ಉಳಿಯುತ್ತಿತ್ತು ಅಂತ ಅವನು ಬರೆದಿಲ್ಲ. ಬರೆದಿದ್ದರೇ ವಾಸಿಯಿತ್ತು.

ಮಾರ್ಚ್ 10, ಸೋಮವಾರ

ಹಸಿರು ದೀಪ. ಒಳಗೆ ಬಿಟ್ಟುಕೊಂಡಿತು. ಆಮೇಲೆ ಉಸಿರಿಲ್ಲ.

ಕಾರಣ ಗೊತ್ತು. ನನ್ನ ಪ್ರೋಗ್ರಾಂಗಳೆಲ್ಲ ತಾವು ಮೊಟ್ಟಮೊದಲ ವಿಳಾಸದಲ್ಲೇ ಕೂತಿದ್ದೇವೆ ಎಂದು ನಂಬಿ ಬರೆದವು. ಅಲ್ಲೀಗ ಬೂಟ್‌ಲೋಡರ್ ಕೂತಿದೆ. ಅದು ಇವನ್ನು ಒಯ್ದು ದೂರದ ವಿಳಾಸದಲ್ಲಿ ಕೂರಿಸುತ್ತದೆ. ಇವು ಮಾತ್ರ ಇನ್ನೂ ಹಳೆಯ ವಿಳಾಸಕ್ಕೇ ನೆಗೆಯುತ್ತವೆ.

ಅತ್ತೆ ಬಟಾಣಿ ಬಿಡಿಸುತ್ತಾ ಕೇಳಿಸಿಕೊಂಡು, "ಈ ಮನೆಗೆ ಬಂದ ಹೊಸದರಲ್ಲಿ ನಾನು ಹಳೇ ಮನೆ ಅಡುಗೆಮನೆ ದಿಕ್ಕಿಗೇ ಹೋಗಿ ಗೋಡೆಗೆ ಹಣೆ ಚಚ್ಚಿಕೊಳ್ತಿದ್ದೆ ನೋಡು, ಹಂಗೇ ಇದು" ಅಂದರು. ಹಾಗೇ. ಹನ್ನೊಂದನ್ನೂ ಹೊಸ ವಿಳಾಸಕ್ಕೆ ಮತ್ತೆ ಕಟ್ಟಬೇಕು.

ಮ್ಯಾನೇಜರ್ ಎರಡು ಸಲ ಬಂದು ಹೋದರು. ಮೂರು ದಿನ ಅಂದಿದ್ರಲ್ಲ ಅಂತ ಬಾಯಿಬಿಟ್ಟು ಹೇಳಲಿಲ್ಲ, ಗಡಿಯಾರ ನೋಡಿದರು.

ಮಾರ್ಚ್ 13, ಗುರುವಾರ

ಈಗ ಎಲ್ಲವೂ ಏಳುತ್ತವೆ, ಸರಿಯಾಗಿ ಎರಡು ಸೆಕೆಂಡಿಗೆ ಸಾಯುತ್ತವೆ. ಎರಡು ದಿನ ನನ್ನ ತಪ್ಪು ಹುಡುಕಿದೆ, ಸಿಗಲಿಲ್ಲ. ಕೊನೆಗೆ ಮೆಟ್ಟಿಲ ಪಕ್ಕಕ್ಕೆ ಹೋಗಿ ನಿಂತೆ.

"ಎರಡು ಸೆಕೆಂಡಾ? ಸರಿಯಾಗಿ ಎರಡಾ?" ಎಂದು ಬಾಗಿಲಯ್ಯ ಕೇಳಿದ.

"ಸರಿಯಾಗಿ."

ಕನ್ನಡಕ ತೆಗೆದು ನಕ್ಕ. "ಅದು ನನ್ನ ನಾಯಿ. ಬಾಗಿಲಲ್ಲಿ ಕಟ್ಟಿರ್ತೀನಿ. ಒಳಗೆ ಹೋದೋರು ಎರಡು ಸೆಕೆಂಡಿಗೊಂದು ಸಲ ಬಂದು ತಲೆ ಸವರಬೇಕು. ಸವರದಿದ್ರೆ, ಒಳಗಿನವನು ಸತ್ತುಬಿದ್ದಿದಾನೆ ಅಂದ್ಕೊಂಡು ಯಂತ್ರಾನೇ ಆರಿಸಿ ಮತ್ತೆ ಮೊದಲಿಂದ ಎಬ್ಬಿಸಿಬಿಡುತ್ತೆ. ನಿಮ್ಮ ಪ್ರೋಗ್ರಾಂಗೆ ನಾಯಿ ಇದೆ ಅಂತ್ಲೇ ಗೊತ್ತಿಲ್ಲ, ಪಾಪ."

ಪಕ್ಕದ ಕುರ್ಚಿ ಎಳೆದುಕೊಟ್ಟ. ಕೂತೆ. ಎರಡು ಗಂಟೆಯಲ್ಲಿ ಆರು ಪ್ರೋಗ್ರಾಂಗಳಿಗೆ ತಲೆ ಸವರುವುದನ್ನು ಕಲಿಸಿದೆವು. ಒಂದು ಸಲವೂ ಅವನು ಆರು ವರ್ಷದ ಹಿಂದಿನ ಮಾತು ಎತ್ತಲಿಲ್ಲ. ಎತ್ತಿದರೆ ಏನು ಹೇಳಬೇಕೆಂದು ನಾನು ತಯಾರಾಗಿದ್ದೆ.

ಮಾರ್ಚ್ 17, ಸೋಮವಾರ

ಹತ್ತು ಪರೀಕ್ಷೆ ಪಾಸು. ಮೋಟಾರು, ಗಡಿಯಾರ, ಬ್ಯಾಟರಿ, ಎಲ್ಲ ಸರಿ. ಉಳಿದದ್ದು ಹನ್ನೊಂದನೆಯದು, ಮೆಮೊರಿ ಪರೀಕ್ಷೆ. ಮೆಮೊರಿಯ ಒಂದೊಂದು ಮನೆಗೂ ಅಂಕಿ ಬರೆದು, ಓದಿ, ಬರೆದದ್ದೇ ಇದೆಯೇ ಎಂದು ನೋಡುವುದು ಅದರ ಕೆಲಸ. ತೊಡಕೆಂದರೆ, ಆ ಪ್ರೋಗ್ರಾಂ ತಾನೂ ಅದೇ ಮೆಮೊರಿಯಲ್ಲಿ ಕೂರಬೇಕು. ತಾನು ಕೂತ ಜಾಗವನ್ನು ತಾನೇ ಒರೆಸುವ ಹಾಗಿಲ್ಲ.

ಬೆಂಚಿನ ಮೇಲೆ ಅದನ್ನು ಎಲ್ಲಿ ಕೂರಿಸಿದ್ದೆ ಎಂದು ಹಳೆಯ ಕಡತ ತೆರೆದೆ. ಮೊದಲ ವಿಳಾಸದಲ್ಲಿ ಎದ್ದ ಮೇಲೆ ಅದು ಸರಿದು ಕೂರುವುದು ಮೆಮೊರಿಯ ಕೊನೆಯ ತುಂಡಿನಲ್ಲಿ. ಪರೀಕ್ಷೆ ಅದಕ್ಕಿಂತ ಮೊದಲೇ ನಿಲ್ಲುತ್ತದೆ. ಪಕ್ಕದಲ್ಲಿ ನನ್ನದೇ ಟಿಪ್ಪಣಿ: "ಕೊನೆಯ ತುಂಡು — ಆಮೇಲೆ ನೋಡುವುದು."

ಆಮೇಲೆ ನೋಡಲಿಲ್ಲ. ಆರು ವರ್ಷದಲ್ಲಿ ಹೊರಟ ಪ್ರತಿಯೊಂದು ಪಂಪಿಗೂ 'ಮೆಮೊರಿ ಪೂರ್ತಿ ಪರೀಕ್ಷಿಸಿದೆ' ಎಂದು ಸಹಿ ಹಾಕಿದ್ದೇನೆ.

ಆ ಕಾಲಕ್ಕೆ ಆ ತುಂಡನ್ನು ಯಾವ ಪ್ರೋಗ್ರಾಮೂ ಬಳಸುತ್ತಿರಲಿಲ್ಲ. ಹೋದ ವರ್ಷದ ಹೊಸ ಆವೃತ್ತಿಯಲ್ಲಿ ಬಳಸಿದ್ದಾರೆ. ಏನು ಇಟ್ಟಿದ್ದಾರೆಂದು ನೋಡಿದೆ. ಔಷಧದ ವೇಗ.

ಅತ್ತೆ ಊಟಕ್ಕೆ ಮೂರು ಸಲ ಕರೆದರಂತೆ. ನನಗೆ ಒಂದೂ ಕೇಳಲಿಲ್ಲ.

ಮಾರ್ಚ್ 19, ಬುಧವಾರ

ಮೆಮೊರಿ ಪರೀಕ್ಷೆಯನ್ನು ನಡುವಿನಲ್ಲಿ ಕೂರಿಸಿ ಕಟ್ಟಿದೆ. ಬೂಟ್‌ಲೋಡರ್ ಹೇಳಿದ ವಿಳಾಸಕ್ಕೆ ಮರುಮಾತಿಲ್ಲದೆ ಒಯ್ದು ಇಳಿಸಿತು. ಕೊನೆಯ ತುಂಡನ್ನು ಮೊದಲ ಬಾರಿಗೆ ಪರೀಕ್ಷಿಸಿದೆ.

ಪಾಸು. ಹತ್ತು ಸಲ ಓಡಿಸಿದೆ, ಹತ್ತು ಸಲವೂ ಪಾಸು.

ಹೋದ ಜೀವ ಬಂದಂತಾಯಿತು. ಬಾಗಿಲಯ್ಯನಿಗೆ ತೋರಿಸಿದೆ, ಟಿಪ್ಪಣಿಯನ್ನೂ ತೋರಿಸಿದೆ, ಯಾಕೋ. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ, "ಆಸ್ಪತ್ರೇಲಿ ಪಂಪು ಎಲ್ಲಿತ್ತಂತೆ? ಕೇಳಿದ್ರಾ?" ಅಂದರು.

"ಯಾರನ್ನ?"

"ಪಂಪಿನ ಪಕ್ಕ ನಿಂತಿದ್ದೋರನ್ನ."

ನಮ್ಮ ಕಡತದಲ್ಲಿ ಅವಳ ಫೋನ್ ನಂಬರಿದೆ. ಹದಿನಾರು ದಿನದಿಂದ ಇದೆ.

ಮಾರ್ಚ್ 20, ಗುರುವಾರ

ನರ್ಸಿಗೆ ಫೋನ್ ಮಾಡಿದೆ. ಪಂಪಿನ ಕಂಪನಿಯವಳು ಎಂದೆ.

"ನಾನು ಬರ್ಕೊಟ್ಟಾಯ್ತಲ್ಲ ಮೇಡಂ," ಎಂದರು. "ಸೋಮವಾರಾನೇ ಸಹಿ ಹಾಕ್ದೆ. ನನ್ನದೇ ತಪ್ಪು ಅಂತ."

"ನೀವು ನಾಲ್ಕು ಒತ್ತಿದ್ದೆ ಅಂತ ಹೇಳಿದ್ರಲ್ಲ?"

"ಹೇಳಿದ್ದೆ. ಅದೇ ವಾರ್ಡಿನ ಏಳನೇ ಹಾಸಿಗೆಯವರಿಗೆ ಮೂವತ್ತಾರು ಇತ್ತಂತೆ. ಅದನ್ನ ಇವರಿಗೆ ಹಾಕಿಬಿಟ್ಟಿದೀನಿ ಅಂತ ಕಮಿಟಿಯೋರು ಹೇಳಿದ್ರು. ಇರಬಹುದು."

ಇಪ್ಪತ್ತು ಹಾಸಿಗೆಯ ವಾರ್ಡಿನಲ್ಲಿ ಹುಡುಕುತ್ತಾ ಹೋದರೆ ಮೂವತ್ತಾರು ಎಲ್ಲಾದರೂ ಸಿಗದೆ ಇರುತ್ತದೆಯೇ? ಇದನ್ನು ಅವರಿಗೆ ಹೇಳಬೇಕಿತ್ತು. ಹೇಳದೆ, ಪಂಪು ಎಲ್ಲಿತ್ತು ಎಂದಷ್ಟೇ ಕೇಳಿದೆ.

"ಕಿಟಕಿ ಪಕ್ಕ. ಮಧ್ಯಾಹ್ನ ಅಲ್ಲಿ ಬಿಸಿಲು ನೇರ ಬೀಳುತ್ತೆ. ನಿಲ್ಲಿಸೋಕೆ ಹೋದಾಗ ಕೈಗೆ ಬಿಸಿ ತಾಗ್ತು, ಅದು ನೆನಪಿದೆ."

ಮಾರ್ಚ್ 21, ಶುಕ್ರವಾರ

ಅತ್ತೆಯ ಕೂದಲು ಒಣಗಿಸುವ ಯಂತ್ರವನ್ನು ಆಫೀಸಿಗೆ ಒಯ್ದೆ. "ತಲೆ ಕೆಟ್ಟಿದ್ದು ಗೊತ್ತಿತ್ತು, ಒದ್ದೆ ಆಗಿದ್ದು ಗೊತ್ತಿರಲಿಲ್ಲ" ಅಂದರು.

ಬಾಗಿಲಯ್ಯ ಉಷ್ಣಮಾಪಕ ಹಿಡಿದರು, ನಾನು ಬಿಸಿಗಾಳಿ ಹಿಡಿದೆ. ಪರೀಕ್ಷೆ ಓಡುತ್ತಲೇ ಇತ್ತು. ಮೂವತ್ತೆಂಟು ಡಿಗ್ರಿ, ಪಾಸು. ನಲವತ್ತೆರಡು, ಪಾಸು. ನಲವತ್ತೇಳಕ್ಕೆ ತೆರೆಯ ಮೇಲೆ ಒಂದು ಸಾಲು ಬಂತು.

ಕೊನೆಯ ತುಂಡು. ಬರೆದದ್ದು ಸೊನ್ನೆ. ಓದಿದ್ದು ಮೂವತ್ತೆರಡು.

ಅಂಕಿಯನ್ನು ಸೊನ್ನೆ-ಒಂದುಗಳಲ್ಲಿ ಹಿಡಿದಿಡುವ ಬಿಟ್‌ಗಳಲ್ಲಿ ಒಂದೇ ಒಂದು, ಬಿಸಿಯಾದಾಗ ಒಂದರಲ್ಲೇ ಸಿಕ್ಕಿಕೊಂಡು ಸೊನ್ನೆಗೆ ಇಳಿಯುವುದಿಲ್ಲ. ಅದರ ಬೆಲೆ ಮೂವತ್ತೆರಡು.

ನಾಲ್ಕಕ್ಕೆ ಮೂವತ್ತೆರಡು ಸೇರಿಸಿದರೆ ಮೂವತ್ತಾರು.

ಯಂತ್ರ ಆಫ್ ಮಾಡುವುದು ಮರೆತಿದ್ದೆ, ನನ್ನ ಕೈಯ ಮೇಲೇ ಬಿಸಿಗಾಳಿ ಬೀಸುತ್ತಿತ್ತು. ಅವರೇ ತೆಗೆದು ಪಕ್ಕಕ್ಕಿಟ್ಟರು.

ಮಾರ್ಚ್ 24, ಸೋಮವಾರ

ಮ್ಯಾನೇಜರ್ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮಾತಾಡಿದರು. ಕೆಟ್ಟವರಲ್ಲ. ದನಿ ಏರಿಸಲಿಲ್ಲ.

"ದೋಷ ಸಿಕ್ತು, ಒಳ್ಳೇದು. ಈ ಒಂದು ಪಂಪಿನಲ್ಲಿ ಚಿಪ್ಪು ಸರಿ ಇರ್ಲಿಲ್ಲ ಅಂತ ಬರೆಯೋಣ. ನರ್ಸೂ ಬಚಾವು, ನಾವೂ ಬಚಾವು. ಹಳೇ ಪರೀಕ್ಷೆ ಕೊನೇ ತುಂಡು ನೋಡ್ತಿರಲಿಲ್ಲ ಅನ್ನೋದು ಯಾಕೆ? ಯಾರೂ ಕೇಳಿಲ್ಲ."

"ಹೊರಗೆ ಸಾವಿರದ ಒಂಬೈನೂರು ಪಂಪಿದಾವೆ."

"ಅವನ್ನ ನಿಧಾನಕ್ಕೆ, ಸರ್ವಿಸಿಗೆ ಬಂದಾಗ ನೋಡೋಣ. ನಿಮ್ಮ ಹೆಸರು ಇದೆ ಅದರ ಮೇಲೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಯೋಚಿಸುತ್ತೇನೆ ಅಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದೇ ಕಷ್ಟ.

ಮಾರ್ಚ್ 25, ಮಂಗಳವಾರ

ವರದಿ ಬರೆಯಲಿಲ್ಲ. ತಲೆನೋವೆಂದು ಮನೆಯಲ್ಲುಳಿದೆ. ಇರಲಿಲ್ಲ.

ಮಾರ್ಚ್ 26, ಬುಧವಾರ

ಬಾಗಿಲಯ್ಯನವರನ್ನು ಕೇಳಿದೆ, ಏನು ಮಾಡಲಿ ಅಂತ. ಇವರನ್ನು ಕೇಳುತ್ತೇನೆಂದು ಯಾರಾದರೂ ಹೋದ ತಿಂಗಳು ಹೇಳಿದ್ದರೆ ನಗುತ್ತಿದ್ದೆ.

"ನನ್ನ ಕೇಳಬೇಡಿ," ಅಂದರು. "ಅವತ್ತು ಮೀಟಿಂಗಲ್ಲಿ ನನ್ನ ಮಾತು ಸರಿ ಅಂತ ನನಗೆ ಗೊತ್ತಿತ್ತು. ಪ್ಯಾಕ್ ಆದ ಮೇಲೂ ಪಂಪನ್ನ ಪರೀಕ್ಷೆ ಮಾಡೋ ಹಾಗಿರಬೇಕು ಅಂತ. ಎಲ್ಲ ನಕ್ಕರು, ನನಗೆ ಅವಮಾನ ಆಯ್ತು, ಬಿಟ್ಟುಬಿಟ್ಟೆ. ಆರು ವರ್ಷ ಗಂಟುಮುಖ ಹಾಕ್ಕೊಂಡು ಕೂತೆ. ಇನ್ನೊಂದು ಸಲ ಬಂದು ಹೇಳಬಹುದಿತ್ತಲ್ಲ? ಮೆಟ್ಟಿಲ ಪಕ್ಕಾನೇ ಕೂತಿದ್ದೆ, ನಿಮ್ಮ ಮೇಜಿಗೆ ಇಪ್ಪತ್ತು ಹೆಜ್ಜೆ."

"ನಾನೂ ಬರಬಹುದಿತ್ತು."

"ಹೂಂ. ಬರಬಹುದಿತ್ತು."

ಮಧ್ಯಾಹ್ನ ವರದಿ ಬರೆದೆ. ಎರಡೂವರೆ ಪುಟ. ಟಿಪ್ಪಣಿಯ ಸಾಲನ್ನು ಇದ್ದಂತೆಯೇ ಸೇರಿಸಿ, ಬರೆದದ್ದು ನಾನು, ನೋಡದೆ ಬಿಟ್ಟದ್ದೂ ನಾನು, ಪೂರ್ತಿ ನೋಡಿದ್ದೇನೆಂದು ಸಹಿ ಹಾಕಿದ್ದೂ ನಾನು ಎಂದು ಬರೆದೆ. ಆಸ್ಪತ್ರೆಯ ಕಮಿಟಿಗೂ ಮ್ಯಾನೇಜರಿಗೂ ಒಂದೇ ಹೊತ್ತಿಗೆ ಕಳಿಸಿದೆ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಜೋಕು ಮಾಡಲಿಲ್ಲ. ತಟ್ಟೆ ಹಾಕಿ, ಎದುರಿಗೆ ಕೂತು, ನಾನು ತಿನ್ನುವುದನ್ನೇ ನೋಡಿದರು.

ಏಪ್ರಿಲ್ 4, ಶುಕ್ರವಾರ

ನನ್ನನ್ನು ಪರೀಕ್ಷಾ ವಿಭಾಗದಿಂದ ತೆಗೆದರು. ಕೆಲಸದಿಂದ ತೆಗೆಯುವುದು ವಿಚಾರಣೆಯಾದ ಮೇಲಂತೆ. ಮ್ಯಾನೇಜರ್ ಮೆಟ್ಟಿಲಲ್ಲಿ ಸಿಕ್ಕರೆ ಗೋಡೆ ನೋಡುತ್ತಾರೆ.

ಪಂಪುಗಳನ್ನು ಮಾತ್ರ ಪರೀಕ್ಷಿಸುತ್ತಿದ್ದಾರೆ. ಆಸ್ಪತ್ರೆಗಳಿಗೇ ಹೋಗಿ, ಪಕ್ಕದ ತೂತಿಗೆ ಕೇಬಲ್ ಚುಚ್ಚಿ, ಬಿಸಿ ಮಾಡಿ, ನಾನು ಕಟ್ಟಿಕೊಟ್ಟದ್ದನ್ನೇ ಓಡಿಸುತ್ತಿದ್ದಾರೆ. ಒಂದಕ್ಕೆ ಆರು ನಿಮಿಷ ಸಾಕು. ಈವರೆಗೆ ಏಳುನೂರು ನೋಡಿದ್ದಾರೆ, ಹದಿಮೂರರಲ್ಲಿ ಅದೇ ದೋಷ. ಹದಿಮೂರೂ ಅಲ್ಲಿಯವರೆಗೆ ಯಾರಯಾರದೋ ತೋಳಿಗೆ ಸಿಕ್ಕಿಸಿಕೊಂಡಿದ್ದವು.

ಏಪ್ರಿಲ್ 6, ಭಾನುವಾರ

ನರ್ಸಿನ ಮನೆಗೆ ಹೋದೆ. ಮೂರನೆಯ ಮಹಡಿ, ಎರಡು ಕೋಣೆ, ಒಣಹಾಕಿದ ಬಟ್ಟೆಯ ನಡುವೆ ಎರಡು ಕುರ್ಚಿ. ನನಗಿಂತ ಚಿಕ್ಕವರು. ಆಸ್ಪತ್ರೆಯವರು ವಾಪಸ್ ಕರೆದಿದ್ದಾರೆ, ಇವರು ಹೋಗಿಲ್ಲ.

ಏನಾಯಿತೆಂದು ಹೇಳಿ ಕ್ಷಮೆ ಕೇಳಿದೆ. ತಲೆಯಾಡಿಸಿದರು, ಬೇರೆ ಯಾರದೋ ಕಥೆ ಕೇಳುವವರಂತೆ.

"ನೀವು ಹೇಳೋದು ಸರಿ ಇರಬಹುದು. ಆದ್ರೆ ನನಗೆ ಒತ್ತಿದ ನೆನಪಿದೆ."

"ಏನು ಒತ್ತಿದ್ದು?"

"ಮೂರು. ಆರು. ಅವರು ಐದು ಸಲ ಕೇಳಿದ್ರು. ನಾಲ್ಕು ಸಲ ಇಲ್ಲ ಅಂದೆ. ಐದನೇ ಸಲಕ್ಕೆ ನೆನಪು ಬಂದುಬಿಡ್ತು. ಈಗ ಕಣ್ಣು ಮುಚ್ಚಿದ್ರೂ ಕಾಣುತ್ತೆ, ನನ್ನ ಬೆರಳು ಮೂರರ ಮೇಲೆ ಇರೋದು. ನಾಳೆ ಡ್ಯೂಟಿಗೆ ಹೋಗಿ ಇನ್ನೊಬ್ಬರಿಗೆ ಪಂಪು ಹಾಕು ಅಂದ್ರೆ ಹೇಗೆ ಹಾಕಲಿ? ನನ್ನ ಬೆರಳೇ ನನಗೆ ನಂಬಿಕೆ ಇಲ್ಲ."

ಅದು ನಿಜವಾದ ನೆನಪಲ್ಲ ಎಂದೆ. ನಿಮಗೆ ಹೇಗೆ ಗೊತ್ತು ಎಂದರು. ಗೊತ್ತಿರಲಿಲ್ಲ. ನಾಲ್ಕೇ ಒತ್ತಿದ್ದರೂ ಪಂಪು ಮೂವತ್ತಾರು ಮಾಡುತ್ತಿತ್ತು ಎಂದಷ್ಟೇ ಹೇಳಬಲ್ಲೆ. ಏನು ಒತ್ತಿದರೆಂದು ಹೇಳಲಾರೆ.

ಏಪ್ರಿಲ್ 8, ಮಂಗಳವಾರ

ಬಾಗಿಲಯ್ಯನವರಿಗೆ ಇದನ್ನು ಹೇಳುತ್ತಿದ್ದೆ. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಹಣೆ ಬಡಿದುಕೊಂಡರು.

"ನನಗೆ ಮೊದಲೇ ಹೊಳೀಬಾರದಿತ್ತಾ! ಕೀಲಿಗಳ ಹಿಂದೆ ಬೇರೇನೇ ಒಂದು ಚಿಪ್ಪಿದೆ. ಕೊನೇಲಿ ಯಾವ್ಯಾವ ಮೂವತ್ತೆರಡು ಕೀಲಿ ಒತ್ತಿದ್ರು ಅನ್ನೋದನ್ನ ಅದು ತನ್ನೊಳಗೇ ಇಟ್ಕೊಂಡಿರುತ್ತೆ, ಕರೆಂಟು ಹೋದ್ರೂ. ನಮ್ಮ ಪಂಪಿನ ಸಾಫ್ಟ್‌ವೇರು ಅದನ್ನ ಯಾವತ್ತೂ ಕೇಳಲ್ಲ. ಯಾರೂ ಕೇಳಲ್ಲ."

ಆ ದಿನದಿಂದ ನಮ್ಮ ಕೈಗೆ ಬರುವವರೆಗೆ ಪಂಪು ಸೀಲು ಹಾಕಿದ ಚೀಲದಲ್ಲೇ ಇತ್ತು. ನಾವು ಕೇಬಲ್ ಚುಚ್ಚಿದ್ದೇವೆ, ಕೀಲಿ ಮುಟ್ಟಿಲ್ಲ.

ಪರೀಕ್ಷಾ ವಿಭಾಗಕ್ಕೆ ನಾನು ಹೋಗುವಂತಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ. ಆ ಚಿಪ್ಪನ್ನು ಕೇಳುವ ಹನ್ನೆರಡನೆಯ ಪರೀಕ್ಷೆ ಬರೆದೆ, ನಲವತ್ತು ಸಾಲು. ಹಣೆಗೆ ಗುರುತು, ಉದ್ದ, ವಿಳಾಸ, ಮೊತ್ತ. ನಾಯಿಯ ತಲೆ ಸವರುವುದು. ಮೊದಲ ಸಲಕ್ಕೇ ಹಸಿರು ದೀಪ ಬಂತಂತೆ. ಬಾಗಿಲಯ್ಯನವರೇ ಓಡಿಸಿ, ಕಮಿಟಿಗೆ ಒಂದು ಪ್ರತಿ ಕಳಿಸಿ, ಆ ದಿನ ಒತ್ತಿದ ಕೀಲಿಗಳ ಪಟ್ಟಿಯ ಹಾಳೆಯೊಂದನ್ನು ನನಗೆ ತಂದುಕೊಟ್ಟರು. ಮಡಿಚಿ ಕೊಟ್ಟರು. ಓದಿದ ಮೇಲೆ ಯಾಕೆಂದು ತಿಳಿಯಿತು.

ಏಪ್ರಿಲ್ 13, ಭಾನುವಾರ

ಹಾಳೆಯನ್ನು ನರ್ಸಿನ ಮನೆಯ ಮೇಜಿನ ಮೇಲಿಟ್ಟೆ. ಅವರು ಬೆರಳಿಟ್ಟು ಓದತೊಡಗಿದರು.

"ನಾಲ್ಕು. ಸರಿ. ಅಳಿಸು. ನಾಲ್ಕು. ಸರಿ." ಬೆರಳು ಹಿಂದಕ್ಕೆ ಹೋಗಿ ನಿಂತಿತು. "ನಡುವೆ ಅಳಿಸು ಯಾಕಿದೆ?"

ನನಗೆ ಗೊತ್ತಿಲ್ಲ ಎಂದೆ.

ಬಹಳ ಹೊತ್ತು ಆ ಶಬ್ದವನ್ನೇ ನೋಡಿದರು. "ಯಾರೋ ಕರೆದ್ರು," ಅಂದರು ಮೆಲ್ಲಗೆ. "ಬಾಗಿಲಿಂದ. ಏಣಿ ಎಲ್ಲಿದೆ ಅಂತ ಕೇಳಿದ್ರು, ಬಲ್ಬು ಹಾಕೋನು. ತಿರುಗಿ ಹೇಳಿದೆ. ಮತ್ತೆ ಈ ಕಡೆ ತಿರುಗಿದಾಗ ಸರಿಯಾಗಿ ಒತ್ತಿದ್ನೋ ಇಲ್ವೋ ಅಂತ ಅನುಮಾನ ಬಂತು. ಅಳಿಸಿ ಇನ್ನೊಂದು ಸಲ ಒತ್ತಿದೆ." ತಲೆ ಎತ್ತಿದರು. "ಇದನ್ನ ಯಾರೂ ನನಗೆ ಹೇಳಿಕೊಟ್ಟಿಲ್ಲ."

"ಇಲ್ಲ."

"ಇದು ನನ್ನದೇ."

ಆಮೇಲೆ ಉಳಿದ ಸಾಲುಗಳನ್ನು ಓದಿದರು. ಉಳಿದದ್ದೆಲ್ಲ ಒಂದೇ. ನಿಲ್ಲಿಸು, ನಿಲ್ಲಿಸು, ನಿಲ್ಲಿಸು. ತುಟಿಯಲ್ಲೇ ಎಣಿಸಿದರು. ಹದಿನಾಲ್ಕು.

"ಮೊದಲ ಸಲಕ್ಕೇ ಪಂಪು ನಿಂತಿತ್ತು," ಎಂದೆ.

"ನನಗೆ ಹೇಗೆ ಗೊತ್ತಾಗಬೇಕು?" ಎಂದರು. ಸಿಟ್ಟಿತ್ತು. ಅವರ ದನಿಯಲ್ಲಿ ಸಿಟ್ಟು ಕೇಳಿದ್ದು ಇದೇ ಮೊದಲು. "ಪೇಷೆಂಟು ಉಸಿರಾಡ್ತಿರಲಿಲ್ಲ. ನನಗೆ ಹೇಗೆ ಗೊತ್ತಾಗಬೇಕು ನೀವೇ ಹೇಳಿ."

ಹಾಳೆ ಇಲ್ಲೇ ಇರಲಿ, ನೀವು ಹೊರಡಿ ಎಂದರು. ಹೊರಟೆ.

ಎರಡನೆಯ ಮಹಡಿಗೆ ಇಳಿದಿದ್ದೆ, ಮೇಲಿನಿಂದ ಅಳು ಕೇಳಿತು. ಜೋರಾದ ಅಳು, ಮುಚ್ಚಿದ ಬಾಗಿಲಿನಿಂದಲೂ ಕೇಳುವಂಥದ್ದು. ಮೆಟ್ಟಿಲ ಕಂಬಿ ಹಿಡಿದು ನಿಂತೆ. ಹೊರಡಿ ಅಂದವರ ಮನೆಗೆ ಮತ್ತೆ ಹೋಗುವುದು ಹೇಗೆ, ಹೋಗಿ ಏನು ಹೇಳುವುದು, ಒಂದೂ ತಿಳಿಯಲಿಲ್ಲ. ಯಾರೋ ತರಕಾರಿ ಚೀಲ ಹಿಡಿದು ಪಕ್ಕದಲ್ಲೇ ಇಳಿದು ಹೋದರು. ಅಳು ನಿಲ್ಲಲಿಲ್ಲ.

ಹತ್ತಿ ಹೋಗಿ ಬಾಗಿಲು ತಟ್ಟಿದೆ.